ದೂರವನ್ನು ಹತ್ತಿರಕ್ಕೆ ತರುವ ಪುಟ್ಟ ಕ್ಯಾಮೆರಾ

ದೂರದಲ್ಲಿರುವುದನ್ನು ಸ್ಪಷ್ಟವಾಗಿ ಕಾಣಬೇಕೆಂಬ ಹಂಬಲವು ಮನುಷ್ಯನಿಗೆ ಸ್ವಭಾವಸಿದ್ಧವಾದುದು. 1610ರಲ್ಲಿ ಗೆಲಿಲಿಯೋ ಸುಮಾರು ಇಪ್ಪತ್ತು ಮಡಿ ವರ್ಧಿಸುವ ದೂರದರ್ಶಕದಿಂದ ಗುರುಗ್ರಹದ ನಾಲ್ಕು ಉಪಗ್ರಹಗಳನ್ನು ಕಂಡನು. ಹೆಚ್ಚುಕಡಿಮೆ ಅಷ್ಟೇ ಶಕ್ತಿಯುಳ್ಳ ಯಂತ್ರವೊಂದು ಇಂದು ಅಂಗೈಯಲ್ಲಿ ಅಡಗುತ್ತದೆ. ಕಂಡುದನ್ನು ಚಿತ್ರವಾಗಿ ಉಳಿಸಿಯೂ ಕೊಡುತ್ತದೆ. ದೀರ್ಘ ಜೂಮ್ ಉಳ್ಳ ಕಿರುಗಾತ್ರದ ಡಿಜಿಟಲ್ ಕ್ಯಾಮೆರಾ ಎಂಬುದೇ ಅದು.

ಡಿಜಿಟಲ್ ಕ್ಯಾಮೆರಾದ ಚರಿತ್ರೆ ದೀರ್ಘವಾದುದಲ್ಲ. 1975ರಲ್ಲಿ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ರಚಿಸಿದ ಮೊದಲ ಮಾದರಿಯು ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 2010ರಲ್ಲಿ ಜಗತ್ತಿನಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ತಯಾರಕರಿಂದ ಹೊರಬಿದ್ದವು. ಅನಂತರ ಮೊಬೈಲಿನಲ್ಲಿಯೇ ಕ್ಯಾಮೆರಾ ಸೇರಿಕೊಂಡುದರಿಂದ 2023ರ ವೇಳೆಗೆ ಆ ಸಂಖ್ಯೆ ಒಂದು ಕೋಟಿಗಿಂತಲೂ ಕೆಳಗೆ ಇಳಿಯಿತು. ಹೀಗಿರಲು, ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲ್ ಇರುವಾಗ ಶಾಲೆಯೊಂದು ಹತ್ತಾರು ಸಾವಿರ ರೂಪಾಯಿ ತೆತ್ತು ಬೇರೆ ಕ್ಯಾಮೆರಾವನ್ನು ಏಕೆ ಕೊಳ್ಳಬೇಕು? ದಾನಿಗಳ ಹಣದಿಂದ ನಡೆಯುವ ಸಂಸ್ಥೆಗಳು ಈ ಪ್ರಶ್ನೆಯನ್ನು ಕೇಳಿಯೇ ಮುಂದುವರಿಯಬೇಕು. ಉತ್ತರವು ಆ ಯಂತ್ರದ ಶಕ್ತಿಯನ್ನೂ ಮಿತಿಯನ್ನೂ ತಿಳಿಯುವುದರಲ್ಲಿದೆ.

2018ರಲ್ಲಿ ಪ್ರಕಟವಾದ ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್ 740 ಎಚ್‌ಎಸ್ ಎಂಬ ಮಾದರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ತೂಕ ಸುಮಾರು 300 ಗ್ರಾಮ್. ಅದರ ಜೂಮ್ 40 ಮಡಿಯದು. ಎಂದರೆ ಅತಿ ದೂರದ ನೋಟವು ಅತಿ ವಿಶಾಲವಾದ ನೋಟಕ್ಕಿಂತ 40 ಮಡಿ ಹಿಗ್ಗಿದುದೆಂದು ಅರ್ಥ. ಬರಿಗಣ್ಣಿಗಿಂತ 40 ಮಡಿ ಎಂದಲ್ಲ. ಹಳೆಯ 35 ಮಿಲಿಮೀಟರ್ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಇದರ ಮಸೂರವು 24ರಿಂದ 960 ಮಿಲಿಮೀಟರ್ ಸಂಗಮದೂರಕ್ಕೆ ಸಮಾನ. ನೂರು ಮೀಟರ್ ದೂರದಲ್ಲಿ ನಿಂತು ನೋಡಿದರೆ, ವಿಶಾಲ ನೋಟದಲ್ಲಿ 150 ಮೀಟರ್ ಅಗಲದ ದೃಶ್ಯ ಚೌಕಟ್ಟಿನೊಳಗೆ ಬರುತ್ತದೆ. ಜೂಮನ್ನು ಪೂರ್ತಿ ಚಾಚಿದಾಗ ನಾಲ್ಕು ಮೀಟರಿಗಿಂತ ಕಡಿಮೆ ಅಗಲವಷ್ಟೇ ಉಳಿದು, ಅದೇ ಚೌಕಟ್ಟನ್ನು ತುಂಬುತ್ತದೆ. ಹೆಚ್ಚು ಬೆಲೆಯ ಕೆಲವು ಮೊಬೈಲುಗಳಲ್ಲಿಯೂ ಐದು ಮಡಿಯ ದೂರನೋಟದ ಮಸೂರವುಂಟು. ಆದರೆ ಇಷ್ಟು ದೂರ ಅದು ಹೋಗಲಾರದು.

ಇಷ್ಟು ಪುಟ್ಟ ಯಂತ್ರದಲ್ಲಿ ಇದು ಹೇಗೆ ಸಾಧ್ಯವಾಯಿತು? ಚಿತ್ರ ಮೂಡುವ ಸೆನ್ಸರನ್ನು ಕಿರಿದು ಮಾಡಿದುದರಿಂದ. ಫಿಲ್ಮಿನ ಚೌಕಟ್ಟು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರವಿದ್ದರೆ, ಈ ಸೆನ್ಸರ್ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರದ್ದು. ವಿಸ್ತೀರ್ಣದಲ್ಲಿ ಮೂವತ್ತರಲ್ಲಿ ಒಂದು ಪಾಲು. ಚಿತ್ರಪಟ ಕಿರಿದಾದಷ್ಟೂ ಅದಕ್ಕೆ ಬೇಕಾದ ಮಸೂರವೂ ಕಿರಿದಾಗುತ್ತದೆ. ಆದರೆ ಕಿರಿದಾದ ಪಾತ್ರೆಯಲ್ಲಿ ಮಳೆನೀರು ಕಡಿಮೆ ಸೇರುವಂತೆ, ಕಿರಿದಾದ ಸೆನ್ಸರಿನಲ್ಲಿ ಬೆಳಕು ಕಡಿಮೆ ಸೇರುತ್ತದೆ. ಇದೇ ಈ ಯಂತ್ರದ ಮುಖ್ಯ ಮಿತಿ. ಅದಲ್ಲದೆ ಜೂಮನ್ನು ಪೂರ್ತಿ ಚಾಚಿದಾಗ ಬೆಳಕಿನ ದ್ವಾರವು ಎಫ್ 3.3ರಿಂದ ಎಫ್ 6.9ಕ್ಕೆ ಇಳಿದು, ಒಳಬರುವ ಬೆಳಕು ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲಾಗುತ್ತದೆ.

ಎರಡನೆಯ ಮಿತಿ ಕೈಯ ನಡುಕ. ದೃಶ್ಯವು ಹಿಗ್ಗಿದಂತೆ ನಡುಕವೂ ಹಿಗ್ಗುತ್ತದೆ. ಸಂಗಮದೂರ ಎಷ್ಟೋ, ಶಟರಿನ ವೇಗ ಸೆಕೆಂಡಿನ ಅಷ್ಟನೆಯ ಒಂದು ಪಾಲಾದರೂ ಇರಬೇಕೆಂಬುದು ಛಾಯಾಗ್ರಾಹಕರ ಹಳೆಯ ಸೂತ್ರ. ಅದರಂತೆ 960 ಮಿಲಿಮೀಟರಿಗೆ ಸೆಕೆಂಡಿನ ಸಾವಿರದ ಒಂದು ಪಾಲು ಬೇಕು. ಹಾಡಹಗಲಿನ ಬಿಸಿಲಿನಲ್ಲಿ, ಐಎಸ್‌ಒ 100ರಲ್ಲಿ, ಈ ದ್ವಾರಕ್ಕೆ ದೊರೆಯುವುದು ಸುಮಾರು ಐನೂರರ ಒಂದು ಪಾಲು. ಮರದ ನೆರಳು ಬೆಳಕನ್ನು ಹದಿನಾರನೆಯ ಒಂದು ಪಾಲಿಗೆ ಇಳಿಸಿತೆಂದರೆ ಮೂವತ್ತರ ಒಂದು ಪಾಲಷ್ಟೇ ಉಳಿಯುತ್ತದೆ. ಐಎಸ್‌ಒ ಏರಿಸಬಹುದು, ಏರಿಸಿದಷ್ಟೂ ಚಿತ್ರದಲ್ಲಿ ಮರಳಿನಂತಹ ಕಣಗಳು ತೋರುತ್ತವೆ. ಯಂತ್ರದೊಳಗಿನ ನಡುಕ ತಡೆಯುವ ವ್ಯವಸ್ಥೆಯು ನಮ್ಮ ಕೈಯನ್ನು ಸ್ಥಿರಗೊಳಿಸುತ್ತದೆಯೇ ಹೊರತು ಹಾರುವ ಹಕ್ಕಿಯನ್ನು ನಿಲ್ಲಿಸಲಾರದು. ಆದುದರಿಂದ ಮೊಣಕೈಗಳನ್ನು ಮೈಗೆ ಒತ್ತಿಕೊಂಡು, ಗೋಡೆಗೋ ಮರಕ್ಕೋ ಒರಗಿ, ಉಸಿರನ್ನು ಕ್ಷಣಕಾಲ ಹಿಡಿದು ಗುಂಡಿಯನ್ನು ಮೆಲ್ಲಗೆ ಒತ್ತಬೇಕು. ಟ್ರೈಪಾಡ್ ಇದ್ದರೆ ಇನ್ನೂ ಒಳ್ಳೆಯದು. ಆಗ ಗುಂಡಿಯೊತ್ತಿದ ಎರಡು ಸೆಕೆಂಡಿನ ಬಳಿಕ ಚಿತ್ರ ತೆಗೆಯುವ ಟೈಮರನ್ನು ಬಳಸಬೇಕು.

ಅಂಗಡಿಯವರು ‘ಡಿಜಿಟಲ್ ಜೂಮ್’ ಎಂದು ಹೇಳುವ ದೊಡ್ಡ ಅಂಕಿಗೆ ಮರುಳಾಗಬಾರದು. ಅದು ಮಸೂರದ ಶಕ್ತಿಯಲ್ಲ. ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವ ಉಪಾಯವಷ್ಟೇ. ಎರಡು ಮಡಿ ಹಿಗ್ಗಿಸಿದರೆ 20 ಮೆಗಾಪಿಕ್ಸೆಲ್ ಚಿತ್ರದಲ್ಲಿ ನಿಜವಾಗಿ ಉಳಿಯುವುದು 5 ಮಾತ್ರ. ಆ ಕೆಲಸವನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿಯೂ ಮಾಡಬಹುದು.

ಮಸೂರ ಎಷ್ಟೇ ಉತ್ತಮವಾಗಿದ್ದರೂ ನಡುವಿನ ಗಾಳಿಯನ್ನು ಗೆಲ್ಲಲಾರದು. ಕೆಳದಿಯ ಶಿವಪ್ಪನಾಯಕನು ಕಟ್ಟಿಸಿದನೆನ್ನುವ ಬೇಕಲ ಕೋಟೆಯ ಮೇಲಿಂದ ಮಧ್ಯಾಹ್ನದಲ್ಲಿ ಕಡಲಿನ ದೋಣಿಯೊಂದರ ಚಿತ್ರ ತೆಗೆದರೆ, ಕಾದ ಗಾಳಿಯ ಅಲೆಗಳಲ್ಲಿ ಅದರ ಅಂಚುಗಳು ಕದಡಿ ಕಾಣುತ್ತವೆ. ಅದೇ ದೋಣಿ ಬೆಳಗಿನ ತಂಪಿನಲ್ಲಿ ಸ್ಫುಟವಾಗಿ ಮೂಡುತ್ತದೆ. ದೂರದ ಚಿತ್ರಕ್ಕೆ ಮುಂಜಾನೆಯೇ ಪ್ರಶಸ್ತ ಕಾಲ.

ರಾತ್ರಿಯಲ್ಲಿ ಈ ಯಂತ್ರಕ್ಕೆ ಒಪ್ಪುವ ವಸ್ತು ಚಂದ್ರ. ಸೂರ್ಯನ ಬೆಳಕನ್ನೇ ಪ್ರತಿಫಲಿಸುವುದರಿಂದ ಅದಕ್ಕೆ ಸೆಕೆಂಡಿನ ನೂರರ ಅಥವಾ ಇನ್ನೂರರ ಒಂದು ಪಾಲು ಸಾಕು. ಹುಣ್ಣಿಮೆಗಿಂತ ಅಷ್ಟಮಿಯ ಚಂದ್ರ ಮೇಲು. ಓರೆಬೆಳಕಿನ ನೆರಳಿನಿಂದ ಕುಳಿಗಳು ಎದ್ದು ಕಾಣುತ್ತವೆ. ಟ್ರೈಪಾಡಿನ ನೆರವಿದ್ದರೆ ಗೆಲಿಲಿಯೋ ಕಂಡ ಗುರುವಿನ ಉಪಗ್ರಹಗಳನ್ನೂ ಚುಕ್ಕೆಗಳಂತೆ ಸೆರೆಹಿಡಿಯಬಹುದು. ಆದರೆ ಸೂರ್ಯನತ್ತ ಯಂತ್ರವನ್ನು ಹಿಡಿಯಲೇಬಾರದು. 2019ರ ಡಿಸೆಂಬರ್ 26ರಂದು ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಕಂಡಂತಹ ಕಂಕಣ ಗ್ರಹಣವಾದರೂ, ತಕ್ಕ ಸೌರ ಫಿಲ್ಟರ್ ಇಲ್ಲದೆ ಹಿಡಿದರೆ ಸೆನ್ಸರಿಗೂ ಕಣ್ಣಿಗೂ ಅಪಾಯ.

ಕರಾವಳಿಯಲ್ಲಿ ಇದನ್ನು ಕಾಪಾಡುವುದೂ ಒಂದು ಕೆಲಸವೇ. ಮಸೂರದ ಕೊಳವೆ ಚಾಚಿ ಮಡಚಿಕೊಳ್ಳುವುದರಿಂದ ಕಡಲತಡಿಯ ಒಂದು ಮರಳಕಣ ಸಿಕ್ಕಿಕೊಂಡರೂ ಅದು ನಿಂತುಹೋಗಬಹುದು. ಮಳೆಗಾಲದ ತೇವದಿಂದ ಗಾಜಿಗೆ ಬೂಷ್ಟು ಹಿಡಿಯುತ್ತದೆ; ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಬೇಕು. ಬಳಸಿದ ಕ್ಯಾಮೆರಾವನ್ನು ಕೊಳ್ಳುವವರು ಜೂಮನ್ನು ಎರಡು ತುದಿಗೂ ಓಡಿಸಿ ನೋಡಬೇಕು. ಬಿಳಿಯ ಆಕಾಶದ ಚಿತ್ರವೊಂದನ್ನು ತೆಗೆದು, ಒಳಗೆ ಧೂಳಿನ ಕಲೆಗಳಿವೆಯೇ ಎಂದು ಪರೀಕ್ಷಿಸಬೇಕು.

ಮೇಲಿನ ವಿವರಗಳಿಂದ ಮೊದಲ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ತರಗತಿಯ ಗುಂಪುಚಿತ್ರಕ್ಕೆ, ಸಭಾಭವನದ ದೀಪದ ಬೆಳಕಿಗೆ, ಯಕ್ಷಗಾನದ ರಾತ್ರಿಗೆ ಒಳ್ಳೆಯ ಮೊಬೈಲೇ ಸಾಕು. ಅಲ್ಲಿ ಈ ಕ್ಯಾಮೆರಾ ಹಿಂದೆ ಬೀಳುವುದೂ ಉಂಟು. ಬೆಳಕು ಚೆನ್ನಾಗಿದ್ದು ವಸ್ತು ದೂರದಲ್ಲಿದ್ದಾಗ ಮಾತ್ರ ಇದಕ್ಕೆ ಸರಿಸಾಟಿಯಾದ ಅಗ್ಗದ ಸಾಧನ ಬೇರೊಂದಿಲ್ಲ. ಮಂಗಟ್ಟೆ ಹಕ್ಕಿಯ ಹೆಣ್ಣು ಮರದ ಪೊಟರೆಯೊಳಗೆ ತನ್ನನ್ನು ಮುಚ್ಚಿಕೊಂಡು ಮೊಟ್ಟೆಯಿಟ್ಟು ಕಾವು ಕೂರುತ್ತದೆ. ಗಂಡು ಕಿರಿದಾದ ಸಂದಿಯಿಂದ ಅದಕ್ಕೆ ಹಣ್ಣು ಉಣಿಸುತ್ತದೆ. ಮರದ ಬುಡಕ್ಕೆ ಮಕ್ಕಳು ಹೋದರೆ ಗಂಡು ಹತ್ತಿರ ಸುಳಿಯದೆ ಗೂಡಿನೊಳಗಿನವು ಹಸಿದಿರಬೇಕಾಗುತ್ತದೆ. ದೂರದಲ್ಲಿಯೇ ನಿಂತು, ಆ ಸಂಸಾರಕ್ಕೆ ತೊಂದರೆಯಾಗದಂತೆ ಎಲ್ಲವನ್ನೂ ಕಾಣುವ ಅವಕಾಶವನ್ನು ಈ ಯಂತ್ರ ಕೊಡುತ್ತದೆ. ಶಾಲೆಗೆ ಅದು ಬೇಕಾಗುವುದು ಈ ಕಾರಣಕ್ಕಾಗಿ.

ಹಕ್ಕಿಗೆ ಸಲ್ಲುವ ಈ ದೂರವು ಮನುಷ್ಯರ ವಿಷಯದಲ್ಲಿ ಬೇರೆಯಾಗುತ್ತದೆ. ಕೆರೆಯ ಮೆಟ್ಟಿಲಲ್ಲಿ ಸ್ನಾನ ಮಾಡುವವರನ್ನು, ಅಂಗಳದಲ್ಲಿ ಕುಳಿತವರನ್ನು, ದುಃಖದಲ್ಲಿರುವವರನ್ನು ಅವರಿಗರಿಯದಂತೆ ದೂರದಿಂದ ಚಿತ್ರಿಸುವುದು ಇಣುಕಿ ನೋಡಿದಂತೆಯೇ. ಮನುಷ್ಯರ ಚಿತ್ರ ಬೇಕಾದಾಗ ಜೂಮನ್ನು ಮಡಚಿ, ಬಳಿಗೆ ಹೋಗಿ, ಅನುಮತಿ ಕೇಳಬೇಕೆಂಬುದನ್ನು ಕ್ಯಾಮೆರಾದೊಂದಿಗೇ ಮಕ್ಕಳಿಗೆ ಕಲಿಸಬೇಕು. ಒಂದು ಯಂತ್ರವನ್ನು ಸರದಿಯಂತೆ ಬಳಸಿ, ಪ್ರತಿ ಚಿತ್ರದೊಂದಿಗೆ ದಿನಾಂಕ, ಸ್ಥಳ, ಕಂಡುದರ ಕನ್ನಡ ಹೆಸರು ಇವುಗಳನ್ನು ಬರೆದಿಟ್ಟರೆ, ಕೆಲವೇ ವರ್ಷಗಳಲ್ಲಿ ನಮ್ಮ ಊರಿನ ಹಕ್ಕಿ, ಮರ, ಆಕಾಶಗಳ ದಾಖಲೆಯೊಂದು ಶಾಲೆಯಲ್ಲಿ ಬೆಳೆದುಬರುವುದು.