ಬಿಪಿ ಮಾತ್ರೆ ಕಿಡ್ನಿ ತಿನ್ನುತ್ತದೆಯೇ?

“ಬಿಪಿ ಗುಳಿಗೆ ಶುರು ಮಾಡಿದ್ರೆ ಮುಗೀತು, ಕಿಡ್ನಿ ಹೋಗುತ್ತೆ.” ತರೀಕೆರೆಯ ಬಸ್ಸಿನಲ್ಲಿ, ಅಜ್ಜಂಪುರದ ಸಂತೆಯಲ್ಲಿ, ಅಮೃತಾಪುರದ ತೋಟಗಳಲ್ಲಿ ಈ ಮಾತು ಸಲೀಸಾಗಿ ಓಡಾಡುತ್ತದೆ. ಇದನ್ನು ನಂಬಿ, ಡಾಕ್ಟರು ಬರೆದುಕೊಟ್ಟ ಟೆಲ್ಮಿಸಾರ್ಟನ್ ಚೀಟಿಯನ್ನು ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಡುವವರಿದ್ದಾರೆ. ನಿಜ ಸಂಗತಿ ಇದಕ್ಕೆ ತದ್ವಿರುದ್ಧ. ಕಿಡ್ನಿಯನ್ನು ಸವೆಸುವುದು ಹತೋಟಿಗೆ ಬಾರದ ರಕ್ತದೊತ್ತಡ. ಆ ಮಾತ್ರೆ ಕಿಡ್ನಿಯನ್ನು ಕಾಯುತ್ತದೆ.

ಕಿಡ್ನಿ ಎಂದರೆ ಬರೀ ಕಸ ಸೋಸುವ ಜರಡಿ ಎಂದುಕೊಳ್ಳುವುದರಿಂದಲೇ ತಪ್ಪು ಆರಂಭವಾಗುತ್ತದೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಒಂದೂವರೆ ಕಿಲೋದಷ್ಟು ಉಪ್ಪು ಕರಗಿರುತ್ತದೆ. ಹೊರಗೆ ಹೋಗುವುದು ಕೆಲವೇ ಗ್ರಾಂ, ಉಳಿದದ್ದೆಲ್ಲ ರಕ್ತಕ್ಕೆ ವಾಪಸ್ಸು. ಎಷ್ಟು ಉಳಿಸಬೇಕು, ಎಷ್ಟು ಬಿಡಬೇಕು ಎಂಬ ಲೆಕ್ಕವನ್ನು ಬಹುಮಟ್ಟಿಗೆ ನಡೆಸುವುದು ಆಂಜಿಯೋಟೆನ್ಸಿನ್ ಎಂಬ ಪುಟ್ಟ ಪೆಪ್ಟೈಡ್.

ಇದರ ಮೊದಲ ಸುಳಿವು ಸಿಕ್ಕಿದ್ದು 1898ರಲ್ಲಿ, ಸ್ಟಾಕ್‌ಹೋಮಿನಲ್ಲಿ. ರಾಬರ್ಟ್ ಟೈಗರ್‌ಸ್ಟೆಡ್ ಮತ್ತು ಪೆರ್ ಬರ್ಗ್‌ಮನ್ ಮೊಲದ ಕಿಡ್ನಿಯನ್ನು ಅರೆದು ತೆಗೆದ ಸಾರವನ್ನು ಬೇರೆ ಮೊಲಗಳಿಗೆ ಚುಚ್ಚಿದರು. ಅವುಗಳ ರಕ್ತದೊತ್ತಡ ಏರಿತು. ಆ ಸಾರದಲ್ಲಿದ್ದದ್ದು ರೆನಿನ್. ರಕ್ತದೊತ್ತಡ ಇಳಿದಾಗ, ದೇಹದಲ್ಲಿ ಉಪ್ಪು ಕಡಿಮೆಯಾದಾಗ ಕಿಡ್ನಿ ರೆನಿನ್ ಸುರಿಸುತ್ತದೆ. ಲಿವರ್ ತಯಾರಿಸಿದ ಒಂದು ಪ್ರೋಟೀನನ್ನು ಅದು ಕತ್ತರಿಸಿದಾಗ ಹತ್ತು ಅಮೈನೋ ಆಮ್ಲಗಳ ತುಣುಕು ಹುಟ್ಟುತ್ತದೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಹೇರಳವಾಗಿರುವ ಎಸಿಇ ಎಂಬ ಕಿಣ್ವ ಅದರಿಂದ ಎರಡನ್ನು ಕಡಿದು ಹಾಕುತ್ತದೆ. ಉಳಿದ ಎಂಟರ ತುಣುಕೇ ಆಂಜಿಯೋಟೆನ್ಸಿನ್-2. ಅದು ರಕ್ತನಾಳ ಬಿಗಿಸುತ್ತದೆ, ಕಿಡ್ನಿಯ ನಳಿಕೆಗಳಿಂದ ಸೋಡಿಯಂ ಹಿಂದಕ್ಕೆಳೆಸುತ್ತದೆ, ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೆರಾನ್ ಬಿಡಿಸುತ್ತದೆ, ಬಾಯಾರಿಸುತ್ತದೆ. ಬೇಸಿಗೆಯ ಬಿಸಿಲಲ್ಲಿ ಬೆವರಿಳಿಸಿ ದುಡಿಯುವವರ ಜೀವ ಹಿಡಿದಿಡುವುದು ಇದೇ. ಉಪ್ಪನ್ನೇ ಹೆಚ್ಚುಕಡಿಮೆ ಮುಟ್ಟದ ಅಮೆಜಾನಿನ ಯನೊಮಾಮಿ ಜನರಲ್ಲಿ ರೆನಿನ್ ಸದಾ ಮೇಲಿರುತ್ತದೆ. ಅವರ ಬಿಪಿ ವಯಸ್ಸಾದರೂ ಏರುವುದಿಲ್ಲ. ಹಾಗಾಗಿ ಆಂಜಿಯೋಟೆನ್ಸಿನನ್ನು ವೈರಿ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ತೊಂದರೆ ಬರುವುದು ಸಕ್ಕರೆ ಕಾಯಿಲೆ, ಬಿಪಿ ಇದ್ದವರಲ್ಲಿ ಅದು ಬಿಡುವಿಲ್ಲದೆ ದುಡಿದಾಗ. ಸೋಸುವ ಗುಚ್ಛದಿಂದ ರಕ್ತ ಹೊರಹೋಗುವ ನಾಳವನ್ನು ಅದು ಹೆಚ್ಚು ಬಿಗಿಸುತ್ತದೆ. ಕಾಲುವೆಯ ಕೆಳಗಿನ ತೂಬು ಕಿರಿದು ಮಾಡಿದರೆ ಹಿಂದೆ ನೀರು ಏರುವಂತೆ ಗುಚ್ಛದೊಳಗೆ ಒತ್ತಡ ಏರಿ, ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ, ಗುಚ್ಛ ಗಾಯಗೊಂಡು ಗಡುಸಾಗುತ್ತದೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್ ಈ ಬಿಗಿತವನ್ನೇ ಸಡಿಲಿಸುತ್ತವೆ. ಈ ಬಗೆಯ ಔಷಧಕ್ಕೆ ದಾರಿ ತೋರಿದ್ದು ಬ್ರೆಜಿಲಿನ ಜರರಾಕ ಹಾವಿನ ವಿಷ. ಅದರ ಜಾಡು ಹಿಡಿದು ಬಂದ ಕ್ಯಾಪ್ಟೊಪ್ರಿಲ್ ಸಕ್ಕರೆ ಕಾಯಿಲೆಯವರ ಕಿಡ್ನಿ ಹಾಳಾಗುವುದನ್ನು ನಿಧಾನಗೊಳಿಸುತ್ತದೆ ಎಂದು 1993ರಲ್ಲಿ ಸಾಬೀತಾಯಿತು. 2001ರಲ್ಲಿ ಲೊಸಾರ್ಟನ್, ಇರ್ಬೆಸಾರ್ಟನ್ ಕೂಡ.

ಹಾಗಿದ್ದರೆ ಜನರ ಭಯ ಎಲ್ಲಿಂದ ಬಂತು? ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ರಕ್ತಪರೀಕ್ಷೆಯ ಕ್ರಿಯಾಟಿನಿನ್ ಸ್ವಲ್ಪ ಮೇಲೇರಬಹುದು. ಒಳಗಿನ ಒತ್ತಡ ಇಳಿದು ಸೋಸುವಿಕೆ ತುಸು ತಗ್ಗುವುದರಿಂದ ಹೀಗಾಗುತ್ತದೆ. ಶೇ. 30ರೊಳಗಿನ ಏರಿಕೆಗೆ ವೈದ್ಯರು ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ರಿಪೋರ್ಟಿನ ಅಂಕಿ ನೋಡಿ ಮನೆಯವರೇ ನಿಲ್ಲಿಸಿಬಿಟ್ಟಾಗ ಕೆಡುಕಾಗುತ್ತದೆ. ಮಾತ್ರೆ ಶುರುಮಾಡಿದ ಒಂದೆರಡು ವಾರಕ್ಕೆ ಕ್ರಿಯಾಟಿನಿನ್ ಮತ್ತು ಪೊಟ್ಯಾಶಿಯಂ ನೋಡಿಸುವುದು ಕ್ರಮ.

ಎಚ್ಚರ ಬೇಕಿರುವುದು ಬೇರೆ ಕಡೆ. ಅಡಿಕೆ ಸುಲಿಯುವ ಕಾಲದಲ್ಲಿ ಬೆಳಗಿನಿಂದ ರಾತ್ರಿವರೆಗೆ ಕತ್ತಿಯ ಮುಂದೆ ಕೂತು ಸೊಂಟ, ಮಂಡಿ ಹಿಡಿದುಕೊಂಡವರು ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ತಂದು ನುಂಗುತ್ತಾರೆ. ಬಿಪಿ ಮಾತ್ರೆ ಬಿಟ್ಟು ನೋವಿನ ಗುಳಿಗೆ ನುಂಗುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕಿಡ್ನಿಗೆ ರಕ್ತ ಒಳಬರುವ ನಾಳ ಕಿರಿದಾಗುವುದು ಆ ನೋವಿನ ಗುಳಿಗೆಯಿಂದ. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ನೋವಿನ ಗುಳಿಗೆ ಮೂರೂ ಸೇರಿದರೆ ಕಿಡ್ನಿ ದಿಢೀರನೆ ಸೋಲಬಹುದು. ವಾಂತಿಭೇದಿ ಹತ್ತಿದಾಗ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಅಂದೇ ವೈದ್ಯರನ್ನು ಕೇಳಬೇಕು. ಬಸುರಿಯರಿಗೆ ಟೆಲ್ಮಿಸಾರ್ಟನ್, ಎನಲಾಪ್ರಿಲ್ ಗುಂಪಿನ ಬಿಪಿ ಮಾತ್ರೆ ಕೂಡದು.

“ಸೈಂಧವ ಲವಣಕ್ಕೆ ಬಿಪಿ ಏರುವುದಿಲ್ಲ” ಎಂಬುದೂ ಸುಳ್ಳು. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ಒಳಗೆ. ಉಪ್ಪಿನಕಾಯಿ, ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿಯದ್ದೂ ಇದರಲ್ಲೇ ಸೇರಬೇಕು. ಉಪ್ಪು ಹೆಚ್ಚು ತಿಂದರೆ ಕಿಡ್ನಿ ಕಾಯುವ ಮಾತ್ರೆಯ ಬಲವೂ ಕುಂದುತ್ತದೆ.

ಸೋಡಿಯಂ ಕಡಿಮೆ ಮಾಡಿದ ಉಪ್ಪು ಬಹಳ ಜನಕ್ಕೆ ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಶಿಯಂ ಕ್ಲೋರೈಡ್ ಬೆರೆತಿರುತ್ತದೆ. ಈ ಮಾತ್ರೆಗಳಿಂದ ಆಲ್ಡೋಸ್ಟೆರಾನ್ ತಗ್ಗಿ ಪೊಟ್ಯಾಶಿಯಂ ಹೊರಹೋಗುವುದೂ ತಗ್ಗುತ್ತದೆ. ಕಿಡ್ನಿ ಕುಗ್ಗಿದವರಲ್ಲಿ ಅದು ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ತಪ್ಪಿಸಬಲ್ಲದು. ನಮ್ಮ ಸೀಮೆಯಲ್ಲಿ ಧಾರಾಳವಾಗಿ ಸಿಗುವ ಎಳನೀರಿನಲ್ಲೂ ಪೊಟ್ಯಾಶಿಯಂ ಬೇಕಾದಷ್ಟಿದೆ. ಕಿಡ್ನಿ ಕಾಯಿಲೆಯವರು ಆ ಉಪ್ಪನ್ನಾಗಲಿ ದಿನವೂ ಎಳನೀರನ್ನಾಗಲಿ ಬಳಸುವ ಮುನ್ನ ರಕ್ತದ ಪೊಟ್ಯಾಶಿಯಂ ಪರೀಕ್ಷೆ ಮಾಡಿಸಿ, ರಿಪೋರ್ಟನ್ನು ವೈದ್ಯರಿಗೆ ತೋರಿಸಬೇಕು.