ನೆಲಸಿಳ್ಳಾರಕ್ಕೆ ಮರಳಿದ ಕುಲನಾಮ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಮಾವಿನ ಸೀಮೆ. ಇಲ್ಲಿನ ತೋಪುಗಳಲ್ಲಿ ನಸುಕಿಗೇ ಹಾಡಲು ಕೂರುವುದು ಮಡಿವಾಳ ಹಕ್ಕಿ. ಮೈ ಕಪ್ಪು, ಹೊಟ್ಟೆ ಬಿಳುಪು, ಬಾಲ ಸಾಮಾನ್ಯವಾಗಿ ನಿಮಿರಿದ್ದು. ಹಳೆಯ ಹಕ್ಕಿಪುಸ್ತಕಗಳು ಇದನ್ನು ಸಿಳ್ಳಾರಗಳ ಕುಟುಂಬದಲ್ಲಿಟ್ಟಿದ್ದವು. ಈಗಿನವು ನೊಣಹಿಡುಕಗಳ ಜೊತೆ ಇಡುತ್ತವೆ. ಹಾಡೂ ಬಣ್ಣವೂ ಹಾಗೇ ಇವೆ. ಬದಲಾದದ್ದು ನೆಂಟಸ್ತಿಕೆಯ ಬಗ್ಗೆ ನಮ್ಮ ತಿಳಿವಳಿಕೆ.

ಇದಕ್ಕಿಂತ ಸೋಜಿಗದ ಕತೆ ನೆಲಸಿಳ್ಳಾರದ್ದು. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ನಂದಿಬೆಟ್ಟದ ಮರಗಳಡಿ ಇದು ಕಾಣಸಿಗುತ್ತದೆ. ತಲೆ, ಎದೆ ಕಿತ್ತಳೆ; ಬೆನ್ನು ಬೂದುನೀಲಿ. ದಕ್ಷಿಣದ ನಮ್ಮ ಉಪಪ್ರಭೇದಕ್ಕೆ ಗಂಟಲು ಬಿಳಿ, ಕೆನ್ನೆಯ ಮೇಲೆ ಎರಡು ಕಪ್ಪು ಗೆರೆ. ಕೊಕ್ಕಿನಿಂದ ತರಗೆಲೆ ಮಗುಚಿ ಹುಳ ಹೆಕ್ಕುತ್ತದೆ. ಸದ್ದಾದರೆ ಪೊದೆಯೊಳಕ್ಕೆ ಮಾಯ.

ಜಾನ್ ಲೇಥಮ್ 1790ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟಾಗ ಟರ್ಡಸ್ ಕುಲಕ್ಕೆ ಸೇರಿಸಿದ. 1830ರ ದಶಕದಲ್ಲಿ ಸಾಲೊಮನ್ ಮ್ಯೂಲರ್ ಜಿಯೊಕಿಕ್ಲಾ ಎಂಬ ಬೇರೆ ಕುಲ ಕಟ್ಟಿದ. ಗ್ರೀಕಿನಲ್ಲಿ ಅದಕ್ಕೆ ನೆಲದ ಸಿಳ್ಳಾರ ಎಂದೇ ಅರ್ಥ. ನಮ್ಮ ಕನ್ನಡದ ಹೆಸರೂ ಅದೇ ಅಲ್ಲವೇ! ಇಪ್ಪತ್ತನೆಯ ಶತಮಾನದಲ್ಲಿ ಈ ಕುಲವನ್ನು ಝೂಥೆರಾ ಎಂಬ ದೊಡ್ಡ ಕುಲದೊಳಗೆ ಕರಗಿಸಿದರು. ಸಲೀಂ ಅಲಿ ಮತ್ತು ಡಿಲನ್ ರಿಪ್ಲೆ ಅವರ ಗ್ರಂಥದಲ್ಲೂ ಇದು ಝೂಥೆರಾವೇ. ಕಾರಣವಿತ್ತು: ಎರಡೂ ಗುಂಪಿನ ಹಕ್ಕಿಗಳು ಹಾರುವಾಗ ರೆಕ್ಕೆಯಡಿ ಕಪ್ಪು ಬಿಳಿ ಪಟ್ಟೆಗಳು ಎದ್ದು ಕಾಣುತ್ತವೆ. ಅಂಥ ಗುರುತನ್ನು ನಂಬದೆ ಬಿಡುವುದು ಯಾರಿಗಾದರೂ ಕಷ್ಟವೇ.

ಆದರೆ ಅಜ್ಜನ ಮೂಗು ದೂರದ ದಾಯಾದಿಯ ಮುಖದಲ್ಲೂ ಮೂಡುತ್ತದೆ. ತೀರಾ ಹಿಂದಿನ ಪೂರ್ವಜರಿಂದ ಉಳಿದು ಬಂದ ಲಕ್ಷಣ ಹತ್ತಿರದ ನಂಟಿಗೆ ಸಾಕ್ಷಿಯಾಗದು. 2005 ಮತ್ತು 2008ರಲ್ಲಿ ಜಾನ್ ಕ್ಲಿಕಾ, ಗ್ಯಾರಿ ವೋಲ್ಕರ್ ಮತ್ತು ಸಂಗಡಿಗರು ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಜೀನುಗಳನ್ನು ಹೋಲಿಸಿ ನೋಡಿದರು. ಏಷ್ಯಾ, ಆಫ್ರಿಕಾಗಳಲ್ಲಿ ಹರಡಿದ ನೆಲಸಿಳ್ಳಾರದ ಬಳಗ ಝೂಥೆರಾಕ್ಕಿಂತ ಟರ್ಡಸ್‌ನ ಬಂಧುಗಳಿಗೇ ಹತ್ತಿರ ಎಂದು ತಿಳಿಯಿತು. ಒಂದು ಕುಲ ಎಂದರೆ ಒಬ್ಬ ಪೂರ್ವಜನ ಸಂತಾನವೆಲ್ಲ ಅದರಲ್ಲಿರಬೇಕು. ಅಣ್ಣನ ಮಕ್ಕಳನ್ನು ಹೊರಗಿಟ್ಟು ದೂರದವರನ್ನು ಒಳಗೆ ಕೂರಿಸಿದ ವಂಶವೃಕ್ಷ ನಿಲ್ಲುವುದಿಲ್ಲ. ಹೀಗೆ ಮ್ಯೂಲರನ ಜಿಯೊಕಿಕ್ಲಾ ಮತ್ತೆ ಬಳಕೆಗೆ ಬಂತು. ಹೆಸರು ಪದೇ ಪದೇ ಬದಲಾದರೆ ಹಕ್ಕಿ ನೋಡುವವರಿಗೆ ಬೇಸರವಾಗುವುದು ಸಹಜ, ನನಗೂ ಆಗಿದೆ. ಆದರೆ ಈ ಬದಲಾವಣೆ ತಪ್ಪನ್ನು ತಿದ್ದಿದ್ದು, ಹಾಗಾಗಿ ಬೇಕಾದದ್ದೇ.

ಇದೇ ಕುಲದ ಇನ್ನೊಂದು ಹಕ್ಕಿಯೂ ನಂದಿಬೆಟ್ಟಕ್ಕೆ ಬರುತ್ತದೆ. ಹಿಮಾಲಯದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಶ್ರೀಲಂಕಾಕ್ಕೆ ಹೋಗುವ ಜಿಯೊಕಿಕ್ಲಾ ವಾರ್ಡಿಯೈ, ದಾರಿಯಲ್ಲಿ ಇಲ್ಲಿ ತಂಗುತ್ತದೆ. ಅದರ ಗಂಡು ಕಪ್ಪು ಬಿಳಿ. ಹುಬ್ಬು ಅಚ್ಚ ಬಿಳುಪು. ಕಿತ್ತಳೆಯ ಸುಳಿವೇ ಇಲ್ಲ. ಯಲ್ದೂರಿನವರು ಒಮ್ಮೆ ನೋಡಿದರೆ ತಮ್ಮ ತೋಪಿನ ಮಡಿವಾಳನನ್ನೇ ನೆನೆಯಬಹುದು.