ಲಂಟಾನ ಹಬ್ಬಿದ ಬಿಳಿಗಿರಿರಂಗನ ಬೆಟ್ಟ

ಪಶ್ಚಿಮಘಟ್ಟ ಮತ್ತು ಪೂರ್ವಘಟ್ಟಗಳನ್ನು ಬೆಸೆಯುವ ಬಿಳಿಗಿರಿರಂಗನ ಬೆಟ್ಟಸಾಲು ಚಾಮರಾಜನಗರ ಜಿಲ್ಲೆಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಚಾಚಿಕೊಂಡಿದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ತಪ್ಪಲಿನ ಮುಳ್ಳುಕುರುಚಲಿನಿಂದ ಹೊರಟು ಮೇಲೇರಿದಂತೆ ಬೇಸಿಗೆಯಲ್ಲಿ ಎಲೆ ಉದುರಿಸುವ ದಿಂಡಿಗ, ಮತ್ತಿ, ಹೊನ್ನೆ, ಬೀಟೆ ಮರಗಳ ಕಾಡು, ಅದನ್ನು ದಾಟಿದರೆ ನಿತ್ಯಹರಿದ್ವರ್ಣ ಕಾಡು, ಕಡೆಗೆ ಸುಮಾರು 1800 ಮೀಟರ್ ಎತ್ತರದ ಕತ್ತರಿಬೆಟ್ಟದ ಆಸುಪಾಸಿನಲ್ಲಿ ಹುಲ್ಲುಗಾವಲು ಮತ್ತು ಅದರ ಕಣಿವೆಗಳಲ್ಲಿ ಬೆಳೆದ ಗಿಡ್ಡಮರಗಳ ಶೋಲಾ ಕಾಡು ಹೀಗೆ ಒಂದರ ಬೆನ್ನಿಗೊಂದು ಎದುರಾಗುತ್ತವೆ. ಇಷ್ಟು ಬಗೆಯ ಕಾಡು ಇಷ್ಟು ಕಿರಿದಾದ ಸೀಮೆಯಲ್ಲಿ ಒಟ್ಟಿಗೆ ಕಾಣಸಿಗುವುದು ಅಪರೂಪ. 1974ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಈ ಪ್ರದೇಶ 1987ರಲ್ಲಿ ಸುಮಾರು 540 ಚದರ ಕಿಲೋಮೀಟರಿಗೆ ವಿಸ್ತಾರಗೊಂಡು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು.

ಬೆಟ್ಟಕ್ಕೆ ಹೆಸರು ಬಂದದ್ದು ಬಿಳಿಯ ಬಂಡೆಯ ನೆತ್ತಿಯಲ್ಲಿ ನೆಲೆಸಿರುವ ರಂಗನಾಥನಿಂದ. ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರ ಹೆಣ್ಣುಮಗಳು ಕುಸುಮಾಲೆಯನ್ನು ರಂಗನಾಥ ಮದುವೆಯಾದನೆಂಬ ನಂಬಿಕೆಯಿಂದಾಗಿ ಸೋಲಿಗರಿಗೆ ಅವನು ದೇವರಾಗಿರುವಂತೆಯೇ ಭಾವನೂ ಆಗಿದ್ದಾನೆ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರ ಅವರ ಪೂಜಾಸ್ಥಾನಗಳಲ್ಲಿ ಮುಖ್ಯವಾದುದು. ಪೋಡು ಎಂದು ಕರೆಯಲಾಗುವ ಸಣ್ಣ ಹಾಡಿಗಳಲ್ಲಿ ವಾಸಿಸುವ ಸೋಲಿಗರು ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಮರಪಾಚಿ, ಗೆಡ್ಡೆಗೆಣಸುಗಳಿಗಾಗಿ ತಲೆಮಾರುಗಳಿಂದ ಈ ಕಾಡಿನ ಮೂಲೆಮೂಲೆಯನ್ನೂ ನಡೆದು ಬಲ್ಲವರು. ಬೆಟ್ಟದ ಕಾಡಿಗೆ ಹೊರಗಿನಿಂದ ಬಂದ ಸಸ್ಯಗಳ ಕಥೆಯನ್ನು ಈ ಜನರ ತಿಳಿವಳಿಕೆಯನ್ನು ಬಿಟ್ಟು ಹೇಳಲು ಬರುವುದಿಲ್ಲ. ಬಹುಕಾಲ ಹಾಗೆ ಹೇಳಹೊರಟದ್ದೇ ಇಲ್ಲಿ ನಡೆದ ದೊಡ್ಡ ಲೋಪ.

ಒಂದು ಸಸ್ಯವಾಗಲಿ ಪ್ರಾಣಿಯಾಗಲಿ ತನ್ನ ಮೂಲ ನೆಲೆಯಿಂದ ಮನುಷ್ಯರ ಕೈಯಿಂದ ಬೇರೊಂದು ನಾಡಿಗೆ ಬಂದು, ಅಲ್ಲಿ ತಾನೇ ತಾನಾಗಿ ಹರಡಿ ಸ್ಥಳೀಯ ಜೀವಿಗಳ ಜಾಗವನ್ನು ಕಸಿದುಕೊಳ್ಳತೊಡಗಿದಾಗ ವಿಜ್ಞಾನಿಗಳು ಅದನ್ನು ಆಕ್ರಮಣಕಾರಿ ಪರಕೀಯ ಪ್ರಭೇದ ಎನ್ನುತ್ತಾರೆ. ಹೊರಗಿನಿಂದ ಬಂದದ್ದೆಲ್ಲ ಆಕ್ರಮಣಕಾರಿಯಲ್ಲ. ಮೆಣಸಿನಕಾಯಿ, ಟೊಮ್ಯಾಟೊ, ಜೋಳ ಬೆಳೆಯುವ ಹೊಲದಂಚಿನ ಸೀಬೆ ಇವೆಲ್ಲ ಹೊರಗಿನವೇ ಆಗಿದ್ದರೂ ಕಾಡನ್ನು ನುಂಗಲು ಹೊರಟಿಲ್ಲ. ಲಂಟಾನದ ಸಂಗತಿ ಬೇರೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣವಲಯದ ಈ ಪೊದೆಯನ್ನು ಅದರ ಬಣ್ಣಬಣ್ಣದ ಹೂವಿಗೆ ಮನಸೋತ ಯುರೋಪಿಯನ್ನರು ತಮ್ಮ ತೋಟಗಳಿಗೆ ಒಯ್ದು ಮಿಶ್ರತಳಿಗಳನ್ನು ಬೆಳೆಸಿದರು. 19ನೆಯ ಶತಮಾನದ ಆರಂಭದಲ್ಲಿ ಅದು ಕಲ್ಕತ್ತೆಯ ಸಸ್ಯೋದ್ಯಾನದ ಮೂಲಕ ಭಾರತಕ್ಕೆ ಬಂತು. ಬೇಲಿಗೂ ಅಂಗಳದ ಅಂದಕ್ಕೂ ಕೈಯಿಂದ ಕೈಗೆ ದಾಟಿದ ಗಿಡ ಇಂದು ದೇಶದ ಹುಲಿ ನೆಲೆಗಳ ಕಾಡಿನಲ್ಲಿ ಶೇಕಡಾ 40ಕ್ಕೂ ಹೆಚ್ಚು ಭಾಗಕ್ಕೆ ಹಬ್ಬಿದೆಯೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು.

ಹತ್ತಿರದಿಂದ ನೋಡಿದರೆ ಈ ಗಿಡದ ಯಶಸ್ಸಿನ ಗುಟ್ಟು ಬಹುಮಟ್ಟಿಗೆ ತಿಳಿಯುತ್ತದೆ. ಕಾಂಡ ದುಂಡಗಿರದೆ ನಾಲ್ಕು ಮೂಲೆಯದಾಗಿದ್ದು, ಮೂಲೆಗಳ ಉದ್ದಕ್ಕೂ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿರುತ್ತವೆ. ದೊರಗಾದ ಎಲೆಯನ್ನು ಬೆರಳಲ್ಲಿ ಹೊಸಕಿದರೆ ಘಾಟು ವಾಸನೆ ಮೂಗಿಗೆ ಅಡರುತ್ತದೆ. ಎಲೆಯಲ್ಲಿರುವ ಲಂಟಡೀನ್ ಎಂಬ ವಿಷವಸ್ತು ದನಕರುಗಳ ಪಿತ್ತಜನಕಾಂಗವನ್ನು ಕೆಡಿಸುವುದರಿಂದ ಮೇಯುವ ಪ್ರಾಣಿಗಳು ಇದಕ್ಕೆ ಬಾಯಿ ಹಾಕುವುದು ಕಡಿಮೆ. ಒಂದೇ ಗೊಂಚಲಿನಲ್ಲಿ ನಡುವಣ ಎಳೆಯ ಹೂಗಳು ಹಳದಿಯಾಗಿಯೂ ಅಂಚಿನ ಹಳೆಯ ಹೂಗಳು ಗುಲಾಬಿಯಾಗಿಯೂ ಇರುತ್ತವೆ. ಮಾಗಿದಾಗ ಕಪ್ಪಾಗಿ ಮಿರುಗುವ ಹಣ್ಣನ್ನು ಪಿಕಳಾರ ಮೊದಲಾದ ಹಕ್ಕಿಗಳು ತಿಂದು, ತಾವು ಕೂರುವ ಮರಗಳ ಬುಡದಲ್ಲೆಲ್ಲ ಬೀಜವನ್ನು ಹಿಕ್ಕೆಯೊಡನೆ ಉದುರಿಸುತ್ತವೆ. ಕಡಿದರೆ ಬುಡದಿಂದ ನಾಲ್ಕಾರು ಚಿಗುರು ಹೊರಡುತ್ತದೆ, ಸುಟ್ಟರೂ ಮತ್ತೆ ಚಿಗುರುತ್ತದೆ. ದಟ್ಟ ನೆರಳನ್ನು ಮಾತ್ರ ಅದು ಸಹಿಸದು; ಆದ್ದರಿಂದಲೇ ಬೆಟ್ಟದ ನಿತ್ಯಹರಿದ್ವರ್ಣ ಕಾಡಿನ ಒಳಭಾಗಕ್ಕಿಂತ ಬಿಸಿಲು ಇಳಿಯುವ ಎಲೆ ಉದುರುವ ಕಾಡು, ರಸ್ತೆಯ ಅಂಚು ಮತ್ತು ಮರ ಬಿದ್ದ ತೆರಪುಗಳಲ್ಲಿ ಅದರ ಆರ್ಭಟ ಹೆಚ್ಚು.

ಹರಡುವಿಕೆಯ ವೇಗವನ್ನು ಅಳೆದು ತೋರಿಸಿದ ಅಧ್ಯಯನವೂ ಇದೇ ಬೆಟ್ಟದಲ್ಲಿ ನಡೆದಿದೆ. 1997ರಲ್ಲಿ ಕಾಡಿನಾದ್ಯಂತ ಗುರುತಿಸಿ ಸಮೀಕ್ಷೆ ಮಾಡಿದ್ದ ತುಣುಕುಗಳಿಗೆ 2008ರಲ್ಲಿ ಮರಳಿದ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ್ ಎಂಬ ಪರಿಸರ ವಿಜ್ಞಾನಿಗಳು, ಆ ಅವಧಿಯಲ್ಲಿ ಲಂಟಾನ ಕಾಣಿಸಿಕೊಂಡ ತುಣುಕುಗಳ ಪ್ರಮಾಣ ಸುಮಾರು ಇಮ್ಮಡಿಯಾಗಿಯೂ ಅದರ ದಟ್ಟಣೆ ಸುಮಾರು ನಾಲ್ಮಡಿಯಾಗಿಯೂ ಹೆಚ್ಚಿರುವುದನ್ನು ಕಂಡರು. ಸಂಖ್ಯೆಗಿಂತ ಕಳವಳ ಹುಟ್ಟಿಸುವುದು ಅದರ ಫಲ. ಪೊದೆಯ ಅಡಿಯಲ್ಲಿ ಹುಲ್ಲು ಬೆಳೆಯದು, ಮರಗಳ ಸಸಿಗಳು ಮೇಲೇಳವು. ಮೇಲೆ ನಿಂತ ಹಳೆಯ ಮರಗಳು ಕಾಡಿನ ರೂಪವನ್ನು ಉಳಿಸಿಕೊಟ್ಟಿದ್ದರೂ ಅವುಗಳ ಜಾಗಕ್ಕೆ ಬರಬೇಕಾದ ಮುಂದಿನ ಪೀಳಿಗೆ ಅಡಿಯಲ್ಲಿ ಇಲ್ಲವಾಗುತ್ತದೆ. ಹುಲ್ಲನ್ನು ನೆಚ್ಚಿದ ಕಡವೆ, ಜಿಂಕೆ, ಕಾಟಿ, ಆನೆಗಳಿಗೆ ಮೇವು ಕಡಿಮೆಯಾಗುತ್ತದೆ, ಸೋಲಿಗರಿಗೆ ಜೇನಿನ ಮರದ ದಾರಿ ಮುಚ್ಚಿಹೋಗುತ್ತದೆ, ಎದುರಿಗೆ ಆನೆ ನಿಂತಿದ್ದರೂ ಕಾಣದಷ್ಟು ಪೊದೆ ಬೆಳೆದು ಕಾಲುದಾರಿಯ ನಡಿಗೆಯೇ ಅಪಾಯಕ್ಕೆ ಎಡೆಯಾಗುತ್ತದೆ.

ಈ ಬದಲಾವಣೆಗೆ ಸೋಲಿಗ ಹಿರಿಯರು ಕೊಡುವ ಕಾರಣ ತರಗುಬೆಂಕಿ ನಿಂತದ್ದು. ಚಳಿಗಾಲದ ಕೊನೆಯಲ್ಲಿ ಎಲೆ ಉದುರಿದ ಮೊದಲ ದಿನಗಳಲ್ಲಿ, ನೆಲದಲ್ಲಿ ಇನ್ನೂ ತೇವ ಉಳಿದಿರುವಾಗಲೇ, ಒಣ ತರಗಿಗೆ ಹಚ್ಚುತ್ತಿದ್ದ ಮೊಣಕಾಲೆತ್ತರವನ್ನು ಮೀರದ ಬೆಂಕಿಗೆ ಆ ಹೆಸರು. ಅದು ತರಗನ್ನು ಸುಟ್ಟು, ಹುಲ್ಲಿನ ಚಿಗುರಿಗೆ ದಾರಿ ಮಾಡಿಕೊಟ್ಟು, ಆಗಷ್ಟೇ ತಲೆಯೆತ್ತಿದ ಲಂಟಾನದ ಎಳೆಯ ಸಸಿಗಳನ್ನು ಕೊಲ್ಲುತ್ತಿತ್ತು ಎಂಬುದು ಅವರ ಅನುಭವ. ನೆಲ್ಲಿ ಮರಗಳ ಕೊಂಬೆಗೆ ಬೇರೂರಿ ಅವುಗಳ ಸಾರವನ್ನು ಹೀರುವ ಉಪ್ಪಿಲು ಎಂಬ ಪರಾವಲಂಬಿ ಬಂದಳಿಕೆಯೂ ಆ ಕಾವಿಗೆ ಹತೋಟಿಯಲ್ಲಿತ್ತು ಎಂದು ಅವರು ಹೇಳುತ್ತಾರೆ. ವನ್ಯಜೀವಿಧಾಮದ ಘೋಷಣೆಯ ಬಳಿಕ ಬೆಂಕಿ ಹಚ್ಚುವುದು ನಿಷಿದ್ಧವಾಯಿತು, ಅಲೆಮಾರಿ ಬೇಸಾಯ ನಿಂತಿತು, ಪೋಡುಗಳು ಒಂದೆಡೆ ನೆಲೆಗೊಂಡವು. ಲಂಟಾನ ಮತ್ತು ಉಪ್ಪಿಲು ಕೈಮೀರಿದ್ದು ಆ ನಂತರ.

ವಿಜ್ಞಾನದ ವಲಯದಲ್ಲಿ ಬೆಂಕಿಯ ಕುರಿತ ಅಭಿಪ್ರಾಯ ಇಷ್ಟು ನೇರವಾಗಿರಲಿಲ್ಲ. ಕಾಳ್ಗಿಚ್ಚು ಲಂಟಾನಕ್ಕೆ ತೆರಪು ಒದಗಿಸುತ್ತದೆ, ಒಣಗಿದ ಲಂಟಾನ ಕಾಳ್ಗಿಚ್ಚಿಗೆ ಉರುವಲಾಗುತ್ತದೆ, ಹೀಗೆ ಒಂದು ಮತ್ತೊಂದನ್ನು ಪೋಷಿಸುತ್ತ ಹೋಗುತ್ತದೆ ಎಂಬ ಊಹಾಸಿದ್ಧಾಂತವನ್ನು 2005ರಲ್ಲಿ ಮುಂದಿಟ್ಟವರು ಮೇಲೆ ಹೇಳಿದ ಹಿರೇಮಠ್ ಮತ್ತು ಸುಂದರಂ ಅವರೇ. ಮುಂದೆ ಸೋಲಿಗರೊಡನೆ ಕುಳಿತು ಅವರ ತಿಳಿವಳಿಕೆಯನ್ನು ದಾಖಲಿಸಿದ ಸುಂದರಂ, ಹಿರೇಮಠ್ ಮತ್ತು ಸಂಗಡಿಗರು ಅದನ್ನು 2012ರಲ್ಲಿ ಪ್ರಕಟಿಸಿ, ಬೆಂಕಿಯ ಪಾತ್ರವನ್ನು ಮತ್ತೊಂದು ಬದಿಯಿಂದ ಪರಿಶೀಲಿಸಲು ಎಡೆಮಾಡಿದರು. ಎರಡು ಮಾತುಗಳೂ ನಿಜವಾಗಿರಲು ಸಾಧ್ಯ: ಗಿಡ ವಿರಳವಾಗಿದ್ದಾಗ ಜನವರಿಯ ತಂಪಿನಲ್ಲಿ ಹರಿಯುವ ತರಗುಬೆಂಕಿಯೇ ಬೇರೆ, ಪೊದೆ ಆಳೆತ್ತರಕ್ಕೆ ಬೆಳೆದ ಮೇಲೆ ಮಾರ್ಚ್–ಏಪ್ರಿಲ್ ತಿಂಗಳ ಬಿರುಬಿಸಿಲಿನಲ್ಲಿ ಮರದ ನೆತ್ತಿಗೇರುವ ಕಾಳ್ಗಿಚ್ಚೇ ಬೇರೆ. ಇಂದು ಲಂಟಾನ ದಟ್ಟವಾಗಿರುವಲ್ಲಿ ಹಳೆಯ ಪದ್ಧತಿಯನ್ನು ಇದ್ದಂತೆಯೇ ಮರಳಿ ತಂದರೆ ಅನಾಹುತವಾದೀತು ಎಂಬುದನ್ನು ಬಲ್ಲವರೂ ಅಲ್ಲಗಳೆಯುವುದಿಲ್ಲ. ಆದರೆ ಗಿಡ ಇನ್ನೂ ಎಳೆಯದಾಗಿದ್ದಾಗಲೇ ಅದನ್ನು ಗುರುತಿಸುವ ಕಣ್ಣು ಪೋಡುಗಳಲ್ಲಿತ್ತು, ಆ ಕಣ್ಣಿಗೆ ಮನ್ನಣೆ ಸಿಗುವಷ್ಟರಲ್ಲಿ ಹಲವು ದಶಕ ಕಳೆದಿತ್ತು ಎಂಬುದರಲ್ಲಿ ವಿವಾದವಿಲ್ಲ.

ಶತ್ರುವಿಗೆ ಶತ್ರುವನ್ನು ಹುಡುಕುವ ಜೈವಿಕ ನಿಯಂತ್ರಣವೂ ನೆರವಿಗೆ ಬರಲಿಲ್ಲ. ಲಂಟಾನದ ಕಾಯಿ ಕೊರೆಯುವ ನೊಣವೊಂದನ್ನು 1921ರಲ್ಲಿಯೂ, ಎಲೆಯ ರಸ ಹೀರುವ ತಿಗಣೆಯೊಂದನ್ನು 1941ರಲ್ಲಿಯೂ ಭಾರತಕ್ಕೆ ತರಲಾಯಿತು. ತಿಗಣೆ ತೇಗದ ಹೂವಿಗೂ ಬಾಯಿ ಹಾಕಬಹುದೆಂಬ ಶಂಕೆಯಿಂದ ಸಾಕಿದ್ದ ಕೀಟಗಳನ್ನು ನಾಶಪಡಿಸಲಾಯಿತಾದರೂ ಅಷ್ಟರಲ್ಲಿ ಕೆಲವು ತಪ್ಪಿಸಿಕೊಂಡು ಹೊರಬಿದ್ದು ನೆಲೆಯೂರಿದವು. ಅವು ಎಲೆಯನ್ನು ಬಾಡಿಸಿದರೂ ಗಿಡವನ್ನು ಅಳಿಸಲಾರದೆ ಹೋದವು.

ಉಳಿದದ್ದು ಕೈಕೆಲಸ. ಬುಡವನ್ನು ನೆಲಮಟ್ಟಕ್ಕೆ ಕತ್ತರಿಸಿ ಬಿಟ್ಟರೆ ಹಣವೂ ಶ್ರಮವೂ ವ್ಯರ್ಥ. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರ ತಂಡ ರೂಪಿಸಿದ ವಿಧಾನದಲ್ಲಿ, ಕಾಂಡ ಬೇರಿಗೆ ಸೇರುವ ಗಂಟಿನ ಕೆಳಗೆ ಬೇರನ್ನು ನೆಲದೊಳಗೇ ಗುದ್ದಲಿಯಿಂದ ಕಡಿದು, ಗಿಡವನ್ನು ಎತ್ತಿ ತಲೆಕೆಳಗಾಗಿ ನಿಲ್ಲಿಸಿ ಒಣಗಲು ಬಿಡುತ್ತಾರೆ. ಮತ್ತೆ ಚಿಗುರುವ ಮೊಗ್ಗುಗಳೆಲ್ಲ ಆ ಗಂಟಿನಲ್ಲೇ ಇರುವುದರಿಂದ ಅದು ಹೋದರೆ ಗಿಡ ಸಾಯುತ್ತದೆ. ಹಣ್ಣಾಗುವ ಮೊದಲೇ ಈ ಕೆಲಸ ಮುಗಿಯಬೇಕು. ಹಕ್ಕಿಗಳು ಕೂರುವ ಮರಗಳ ಬುಡದಲ್ಲಿ ಮರುವರ್ಷ, ಅದರ ಮರುವರ್ಷ ಹುಟ್ಟುವ ಸಸಿಗಳನ್ನು ಕಿತ್ತುಹಾಕುತ್ತ, ತೆರವಾದ ನೆಲದಲ್ಲಿ ಸ್ಥಳೀಯ ಹುಲ್ಲು ನೆಲೆಗೊಳ್ಳುವಂತೆ ನೋಡಿಕೊಳ್ಳಬೇಕು. ಒಂದು ವರ್ಷದ ಅನುದಾನದಲ್ಲಿ ಪೊದೆ ತೆಗೆದು ಮರುವರ್ಷ ಆ ಕಡೆ ತಿರುಗಿಯೂ ನೋಡದ ಯೋಜನೆಗಳಿಂದ ಲಂಟಾನಕ್ಕೋ ಅದರ ಜಾಗ ಹಿಡಿಯುವ ಯುಪಟೋರಿಯಂ ಕಳೆಗೋ ಹೊಸ ಹಾಸಿಗೆ ಹಾಸಿಕೊಟ್ಟಂತಾಗುತ್ತದೆ.

ಬೆಟ್ಟದ ಪೂರ್ವಕ್ಕಿರುವ ಮಲೆ ಮಹದೇಶ್ವರ ಬೆಟ್ಟದಲ್ಲಿ ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆ 2004ರ ಸುಮಾರಿಗೆ ಸೋಲಿಗರೊಡನೆ ಆರಂಭಿಸಿದ ಲಂಟಾನ ಕರಕುಶಲ ಕೆಲಸ ಮತ್ತೊಂದು ದಾರಿಯನ್ನು ತೋರಿಸಿತು. ಬಲಿತ ಕೋಲುಗಳನ್ನು ನೀರಿನಲ್ಲಿ ಕುದಿಸಿ, ಮೆದುವಾದಾಗ ತೊಗಟೆ ಸುಲಿದು, ಬಿಸಿ ಆರುವ ಮೊದಲೇ ಬಗ್ಗಿಸಿ ಮೊಳೆ ಹೊಡೆದರೆ ಬಿದಿರು–ಬೆತ್ತದ ಬದಲಿಗೆ ಒದಗುವ ಕುರ್ಚಿ, ಮೇಜು, ಬುಟ್ಟಿಗಳಾಗುತ್ತವೆ. ನೀಲಗಿರಿಯ ಗೂಡಲೂರಿನ ಬುಡಕಟ್ಟು ಕುಶಲಕರ್ಮಿಗಳು ಲಂಟಾನದಿಂದ ಹೆಣೆದ ಆಳೆತ್ತರವನ್ನೂ ಮೀರಿದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತು ಜನರ ಗಮನ ಸೆಳೆದವು. ಕಾಡಿನ ಕಳೆಯ ಬಗ್ಗೆ ಯಾವ ಭಿತ್ತಿಪತ್ರವೂ ಮೂಡಿಸದ ಕುತೂಹಲವನ್ನು ಆ ಆನೆಗಳು ಮೂಡಿಸಿದವು, ಕುಶಲಕರ್ಮಿಗಳಿಗೆ ದುಡಿಮೆಯನ್ನೂ ಕೊಟ್ಟವು. ಆದರೂ ಈ ಕಸುಬು ಬೇಡುವುದು ಬಲಿತ ಕೋಲುಗಳನ್ನು ಮಾತ್ರ. ಬುಡ ಉಳಿದರೆ ಗಿಡವೂ ಉಳಿಯುತ್ತದೆ. ಕಾಡಿನ ಚೇತರಿಕೆಗೆ ಕರಕುಶಲ ಪೂರಕವೇ ಹೊರತು ಬದಲಿಯಲ್ಲ.

ಲಂಟಾನವನ್ನು ಬೆಟ್ಟದಿಂದ ಪೂರ್ತಿ ಹೊರಹಾಕುವುದು ಈಗ ಸಾಧ್ಯವಾಗುವ ಮಾತಲ್ಲ. ಆದರೆ ಮುಂದೆ ಬರಬಹುದಾದ ಕಳೆಯನ್ನು ತಡೆಯುವುದು ಸಾಧ್ಯ. ನೆರೆಯ ಬಂಡೀಪುರ, ನಾಗರಹೊಳೆ, ವಯನಾಡು, ಮುದುಮಲೈ ಕಾಡುಗಳಲ್ಲಿ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಅಮೆರಿಕ ಮೂಲದ ಮರ ಈಗಾಗಲೇ ತೋಪುಗಟ್ಟಿದೆ. ಹಳದಿ ಹೂವಿನ ಅಂದಕ್ಕೂ ನೆರಳಿಗೂ ನೆಟ್ಟ ಈ ಮರ, ಕಡಿದಲ್ಲೆಲ್ಲ ಹತ್ತಾರು ರೆಂಬೆಗಳಾಗಿ ಚಿಗುರುತ್ತದೆ. ಅದರ ಚರಿತ್ರೆಯೂ ಲಂಟಾನದ ಚರಿತ್ರೆಯಂತೆ ಅಂದಕ್ಕಾಗಿ ನೆಟ್ಟ ಗಿಡಗಳಿಂದಲೇ ಹೊರಟಿದೆ. ಆದ್ದರಿಂದ ಕಾಡಂಚಿನ ರೆಸಾರ್ಟ್, ಕಾಫಿ ತೋಟ, ದೇವಸ್ಥಾನದ ಆವರಣ, ನರ್ಸರಿಗಳಲ್ಲಿ ಏನನ್ನು ನೆಡಲಾಗುತ್ತಿದೆ ಎಂಬುದು ಕಾಡಿನ ಒಳಗೆ ಏನು ನಡೆಯುತ್ತಿದೆ ಎಂಬುದರಷ್ಟೇ ಮುಖ್ಯ. ಹೊರಗಿನಿಂದ ಬಂದ ಮತ್ತೊಂದು ಕಳೆಯಾದ ಪಾರ್ಥೇನಿಯಂನ ಬೀಜ ರಸ್ತೆ ಕಾಮಗಾರಿಯ ಮಣ್ಣು–ಜಲ್ಲಿಯೊಡನೆ, ವಾಹನದ ಚಕ್ರಕ್ಕೆ ಮೆತ್ತಿದ ಕೆಸರಿನೊಡನೆ ಪ್ರಯಾಣ ಮಾಡುತ್ತದೆ. ಜಾತ್ರೆಯ ಕಾಲದಲ್ಲಿ ಬೆಟ್ಟವೇರುವ ವಾಹನಗಳ ಸಾಲನ್ನು ನೋಡಿದವರಿಗೆ ಈ ದಾರಿ ಎಷ್ಟು ಅಗಲವೆಂಬುದು ತಿಳಿಯುತ್ತದೆ. ಕಳೆಯಿರುವ ಕಡೆಯ ಮಣ್ಣನ್ನು ಬೆಟ್ಟದ ಕಾಮಗಾರಿಗೆ ತರದಿರುವುದು, ಕಾಡಿಗೆ ಹೊರಡುವ ಮೊದಲು ಚಕ್ರ ಮತ್ತು ಬೂಟಿನ ಕೆಸರು ತೊಳೆಯುವುದು, ತೋಟದ ಕಸಕಡ್ಡಿಯನ್ನು ಕಾಡಿನ ಅಂಚಿಗೆ ಸುರಿಯದಿರುವುದು, ಅಂಗಳಕ್ಕೆ ಹೊಸ ಅಲಂಕಾರ ಗಿಡ ತರುವಾಗ ಅದು ಬೇರೆಡೆ ಕಳೆಯಾಗಿದೆಯೇ ಎಂದು ವಿಚಾರಿಸುವುದು ಇವಾವುದಕ್ಕೂ ಹೆಚ್ಚಿನ ಖರ್ಚಿಲ್ಲ.

2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಆಕ್ರಮಣಕಾರಿ ಪರಕೀಯ ಪ್ರಭೇದಗಳ ಆಮದು, ವ್ಯಾಪಾರ, ಸ್ವಾಧೀನ ಮತ್ತು ಹರಡುವಿಕೆಯನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಕಾನೂನು ಬಂದರಿನಲ್ಲಿ ಬೀಜವನ್ನು ತಡೆಯಬಲ್ಲದು. ಪೋಡಿನ ಹಿಂದಿನ ಹಳ್ಳದಲ್ಲಿ ಹುಟ್ಟಿದ ಮೊದಲ ಸಸಿಯನ್ನು ಅದು ಕಾಣಲಾರದು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ದೇಶದಲ್ಲೇ ಮೊದಲ ಬಾರಿಗೆ ಸಮುದಾಯ ಅರಣ್ಯ ಹಕ್ಕು ಪಡೆದವರು 2011ರಲ್ಲಿ ಇಲ್ಲಿನ ಸೋಲಿಗರು. ಆ ಹಕ್ಕು ಕಾಡಿನ ಉತ್ಪನ್ನವನ್ನು ಸಂಗ್ರಹಿಸುವುದರ ಜೊತೆಗೆ ಕಾಡನ್ನು ಕಾಪಾಡಿ ನಿರ್ವಹಿಸುವ ಅಧಿಕಾರವನ್ನೂ ಗ್ರಾಮಸಭೆಗಳಿಗೆ ಕೊಡುತ್ತದೆ. ಅರಣ್ಯ ಇಲಾಖೆಯ ಕಾವಲುಗಾರರಲ್ಲಿಯೂ ಅನೇಕರು ಸೋಲಿಗರೇ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಯಲ್ಲಿ ನಿಗದಿತ ಸಾಲಿನಗುಂಟ ನಡೆಯುವ ಸಿಬ್ಬಂದಿ ಕಳೆಗಿಡಗಳನ್ನೂ ಬರೆದುಕೊಳ್ಳುವ ಕ್ರಮ ಈಗಾಗಲೇ ಇದೆ. ಹಾಗೆಯೇ ಕಳೆಯನ್ನು ಗುರುತಿಸಿ ಕೀಳುವ ಕೆಲಸವನ್ನು ಪ್ರತಿ ಮುಂಗಾರಿನ ನಂತರ, ಮಣ್ಣು ಸಡಿಲವಾಗಿ ಸಸಿ ಬೇರುಸಹಿತ ಕೈಗೆ ಬರುವ ದಿನಗಳಲ್ಲಿ, ರಸ್ತೆಯಂಚು ಮತ್ತು ಹಳ್ಳದ ದಡಗಳಲ್ಲಿ ಪೋಡುಗಳ ಜನರಿಗೆ ಕೂಲಿಯೊಡನೆ ವಹಿಸಿಕೊಡಲು ಗ್ರಾಮಸಭೆ ಮತ್ತು ಇಲಾಖೆ ಒಟ್ಟಿಗೆ ಕುಳಿತು ತೀರ್ಮಾನಿಸಿದರೆ ಸಾಕು.